ಹಳೇ ವರ್ಷನ್‌ಗೆ ಮರಳಿದ ಡಿಟಿಪಿ ಅಕ್ಕ

ಫೈರ್‌ಫಾಕ್ಸ್ ಬ್ರೌಸರ್‌ಗೆ ನಾನೊಂದು ಚಿಕ್ಕ ಆಡ್-ಆನ್ (ಬ್ರೌಸರ್‌ಗೆ ಸೇರಿಸಿಕೊಳ್ಳುವ ಪುಟ್ಟ ಪ್ರೋಗ್ರಾಂ) ಬರೆದಿದ್ದೇನೆ. ಕನ್ನಡ ಟೈಪ್ ಮಾಡುವಾಗ ಕಾಗುಣಿತ ತಪ್ಪಿದ ಪದದ ಕೆಳಗೆ ಕೆಂಪು ಗೆರೆ ಎಳೆಯುತ್ತದೆ, ಅಷ್ಟೇ. ಚಿಕ್ಕಮಗಳೂರಿನ ಐ.ಜಿ. ರಸ್ತೆ ಹತ್ತಿರ ಡಿಟಿಪಿ ಅಂಗಡಿ ಇಟ್ಟಿರುವ ಅಕ್ಕ ಒಬ್ಬರು ದಿನಾ ಬಳಸುತ್ತಾರೆ. ಅದರ ಹೊಸ ವರ್ಷನ್ 2.0 ಬಿಟ್ಟ ಮಾರನೇ ದಿನ ಬೆಳಿಗ್ಗೆ ಅವರದೇ ಫೋನ್. "ಅಲ್ಲಪ್ಪ, ನಿನ್ನೆ ಸಂಜೆ ತನಕ ಸರಿ ಇತ್ತು, ಈಗ ಒಂದು ಗೆರೆನೂ ಬರ್ತಿಲ್ಲ, ಏನ್ ಮಾಡಿಟ್ಟೆ?"

ಮಳೇಲೇ ಹೋಗಿ ನೋಡಿದೆ. ವಿಂಡೋಸ್ 7. ಹಳೇ ಪ್ರಿಂಟರ್ ಬೇರೆ ಯಾವುದರಲ್ಲೂ ಓಡಲ್ಲ ಅಂತ ಅದನ್ನೇ ಇಟ್ಟುಕೊಂಡಿದ್ದಾರೆ. ಅದಕ್ಕೆ ಸಿಗುವ ಕೊನೇ ಫೈರ್‌ಫಾಕ್ಸ್ 2023ರಲ್ಲಿ ಬಂದ 115. ನಾನು 2.0ರಲ್ಲಿ ವಾಕ್ಯದಿಂದ ಪದ ಬಿಡಿಸೋಕೆ ಬ್ರೌಸರ್‌ನದೇ ಇಂಟ್ಲ್ ಸೆಗ್ಮೆಂಟರ್ ಅನ್ನೋ ಸೌಲಭ್ಯ ಹಾಕಿದ್ದೆ, ಅದು ಫೈರ್‌ಫಾಕ್ಸ್‌ಗೆ ಬಂದಿದ್ದೇ 125ರಲ್ಲಿ. ಆಡ್-ಆನ್‌ನ ವಿವರ ಬರೆಯೋ ಮ್ಯಾನಿಫೆಸ್ಟ್ ಫೈಲ್‌ನಲ್ಲಿ 'ಸ್ಟ್ರಿಕ್ಟ್ ಮಿನ್ ವರ್ಷನ್' 125, ಅಂದರೆ ಕನಿಷ್ಠ 125 ಇರಲೇಬೇಕು ಅಂತ ಒಂದು ಸಾಲು ಇದ್ದಿದ್ದರೆ 2.0 ಆ ಮೆಷಿನ್ ಹತ್ತಿರಾನೂ ಸುಳಿಯುತ್ತಿರಲಿಲ್ಲ. ಮರೆತಿದ್ದೆ.

ಫೈರ್‌ಫಾಕ್ಸ್ ಮಾಡುವ ಮೊಜಿಲ್ಲಾದವರು ಆಡ್-ಆನ್‌ನ ಹಳೇ ವರ್ಷನ್‌ಗಳನ್ನೆಲ್ಲ ಒಂದು ಪುಟದಲ್ಲಿ ಇಟ್ಟಿರುತ್ತಾರೆ. ಕ್ರೋಮ್ ಬ್ರೌಸರ್‌ನ ವೆಬ್ ಸ್ಟೋರ್‌ನಲ್ಲಿ ಈ ಸೌಲಭ್ಯ ಇಲ್ಲ, ಬಳಸುವವರಿಗೆ ಹೊಸದೊಂದೇ ಗತಿ. ಮೊಜಿಲ್ಲಾದ ಆ ಪುಟದ ಮೇಲೆ 'ಹಳೇದು, ಹುಷಾರು' ಅನ್ನೋ ಥರ ಎಚ್ಚರಿಕೆ ಇರುತ್ತೆ, ಅದನ್ನ ಓದಿ ಅಕ್ಕ ನನ್ನ ಮುಖ ನೋಡಿದರು. 2.0ಕ್ಕಿಂತ ಹಿಂದಿನ 1.4 ಹಾಕಿದೆ, ಇದೊಂದು ಆಡ್-ಆನ್‌ಗೆ ಮಾತ್ರ ತಾನಾಗೇ ಆಗೋ ಅಪ್‌ಡೇಟ್ ಆಫ್ ಮಾಡಿದೆ. ಇಲ್ಲದಿದ್ರೆ ಒಂದು ದಿನದೊಳಗೆ ಮತ್ತೆ 2.0 ಬಂದು ಕೂತಿರೋದು.

ಗೆರೆ ಬಂತು. ಆದರೆ ಜಾಸ್ತಿನೇ ಬಂತು! ಕಳಸಕ್ಕೂ ಗೆರೆ, ಬಾಳೆಹೊನ್ನೂರಿಗೂ ಗೆರೆ. ಅಕ್ಕ ವರ್ಷದಿಂದ ಒಂದೊಂದೇ ಸೇರಿಸಿಕೊಂಡಿದ್ದ ಊರು, ತೋಟ, ಮನೆತನದ ಹೆಸರುಗಳ ಪಟ್ಟಿ ಖಾಲಿ ಕಾಣ್ತಿದೆ. ಎದೆ ಧಸಕ್ಕೆಂದಿತು. ಆಮೇಲೆ ಹೊಳೆಯಿತು: 2.0 ಆ ಪಟ್ಟಿಯನ್ನು ಬೇರೆ ರೂಪದಲ್ಲಿ ಬರೆದಿಟ್ಟಿದೆ, 1.4ಕ್ಕೆ ಅದನ್ನು ಓದೋಕೆ ಬರಲ್ಲ. ಪದಗಳು ಒಳಗೇ ಇವೆ, ಆದರೆ ಅಕ್ಕ ಒಂದೇ ಒಂದು ಹೊಸ ಪದ ಸೇರಿಸಿದ್ದರೂ ಹಳೇ ಕೋಡ್ ಅದರ ಮೇಲೇ ಬರೆದು ಎಲ್ಲ ಅಳಿಸಿಬಿಡುತ್ತಿತ್ತು. "ಎರಡು ದಿನ ಏನೂ ಸೇರಿಸಬೇಡಿ ಅಕ್ಕ" ಅಂತ ಕೈ ಮುಗಿದು ಬಂದೆ.

ರಾತ್ರಿ ಕೂತು 1.4ರ ಕೋಡ್‌ಗೆ ಎರಡೂ ರೂಪದ ಪಟ್ಟಿ ಓದುವ ಹತ್ತು ಸಾಲು ಸೇರಿಸಿದೆ. ಅದಕ್ಕೆ 1.5 ಅಂತ ಹೆಸರಿಟ್ಟರೆ 2.0 ಇರುವ ಮೆಷಿನ್‌ಗಳಿಗೆ ಅಪ್‌ಡೇಟ್ ಆಗಿ ಹೋಗಲ್ಲ, ನಂಬರ್ ಮೇಲೇರಲೇಬೇಕು. ಹಾಗಾಗಿ ಹಳೇ ಕೋಡೇ 2.0.1 ಆಯಿತು. 2.0ರ ಹೊಸ ಕೋಡ್ 2.1 ಅಂತ, ಈ ಸಲ 125ರ ಸಾಲು ಮೊದಲೇ ಬರೆದು. 115 ಇದ್ದವರಿಗೆ 2.0.1, ಮಿಕ್ಕವರಿಗೆ 2.1, ಯಾರೂ ಆ ಹಳೇ ಪುಟ ಹುಡುಕಬೇಕಾಗಿಲ್ಲ.

ಅಕ್ಕನ ಅಂಗಡಿಗೆ ಮಾತ್ರ ಮತ್ತೆ ಹೋಗಬೇಕಾಯಿತು, ನಾನೇ ಆಫ್ ಮಾಡಿದ್ದ ಅಪ್‌ಡೇಟ್ ಆನ್ ಮಾಡೋಕೆ. ಆನ್ ಮಾಡಿ, 2.0.1 ಬಂದ ಮೇಲೆ 'ಬಾಳೆಹೊನ್ನೂರು' ಅಂತ ಟೈಪ್ ಮಾಡಿದೆ. ಗೆರೆ ಬರಲಿಲ್ಲ.