ನಮ್ಮ ಬಿಸಿಲು, ಗುಲ್ಮಾರ್ಗದ ಹಿಮ: ಗೋಂದಿಲ್ಲದ ಸ್ಕಿನ್ ಎಷ್ಟು ನಂಬಬಹುದು, ಹೇಗೆ ಬಳಸಬೇಕು

ಬಾಗಲಕೋಟೆ, ವಿಜಯಪುರ, ಬೆಳಗಾವಿ ಕಡೆಯವರು ಸ್ಕೀ ಟೂರಿಂಗ್‌ಗೆ, ಅಂದರೆ ಸ್ಕೀ ಹಾಕಿಕೊಂಡೇ ಹಿಮದ ಬೆಟ್ಟ ಹತ್ತಿ ಇಳಿಯುವುದಕ್ಕೆ, ಅಂತ ಸ್ವಂತ ಸ್ಕಿನ್ (ಏರು ಹತ್ತಲು ಸ್ಕೀಯ ತಳಕ್ಕೆ ಅಂಟಿಸುವ ಪಟ್ಟಿ) ಕೊಳ್ಳುವುದಾದರೆ ಗೋಂದಿಲ್ಲದ್ದನ್ನೇ ಕೊಳ್ಳಿ ಅನ್ನುತ್ತೇನೆ. ಅದಕ್ಕೆ ದೊಡ್ಡ ಕಾರಣ ನಮ್ಮ ಬಿಸಿಲು. ಏಪ್ರಿಲ್, ಮೇ ಬಂತೆಂದರೆ ನಮ್ಮಲ್ಲಿ 40 ಡಿಗ್ರಿ ಆಸುಪಾಸಿಗೆ ಹೋಗುವುದು ಮಾಮೂಲು. ತಗಡಿನ ಮಾಡಿನ ಕೆಳಗೋ, ಬಿಸಿಲಿಗೆ ನಿಲ್ಲಿಸಿದ ಕಾರಿನ ಡಿಕ್ಕಿಯಲ್ಲೋ ಇಟ್ಟರೆ ಇನ್ನೂ ಜಾಸ್ತಿ. ಗೋಂದಿನ ಸ್ಕಿನ್ ಹಿಮದಲ್ಲಿ ಇರುವುದು ವರ್ಷಕ್ಕೆ ಹೆಚ್ಚೆಂದರೆ ಎರಡು ವಾರ, ಉಳಿದ ದಿನವೆಲ್ಲ ಈ ಸೆಕೆಯಲ್ಲಿ ಮಡಚಿಕೊಂಡೇ ಬಿದ್ದಿರುತ್ತದೆ. ಗೋಂದು ಮೆತ್ತಗಾಗಿ ಒಂದು ಕಡೆ ದಪ್ಪ, ಒಂದು ಕಡೆ ತೆಳು ಆಗುತ್ತದೆ. ಮುಂದಿನ ಜನವರಿಯಲ್ಲಿ ಬಿಡಿಸಿ ಸ್ಕೀಗೆ ಹಾಕಿ ತೆಗೆದಾಗ ಅರ್ಧ ಗೋಂದು ಸ್ಕೀಯ ತಳದಲ್ಲೇ ಉಳಿಯುತ್ತದೆ. ಹೊಸ ಗೋಂದು ಹಚ್ಚೋಣ ಅಂದರೆ ಆ ಡಬ್ಬಿಯಲ್ಲಿ ಬೇಗ ಬೆಂಕಿ ಹತ್ತುವ ದ್ರಾವಣ ಇರುತ್ತದೆ, ಸಾಂಬ್ರಾದಿಂದ ವಿಮಾನ ಹತ್ತುವವರು ಅದನ್ನು ಲಗೇಜಿನಲ್ಲಿ ಒಯ್ಯುವಂತಿಲ್ಲ.

ಹಾಗಂತ ಗೋಂದಿಲ್ಲದ್ದು ಎಲ್ಲ ಕಡೆಗೂ ಮೇಲು ಅಂತ ತಿಳಿಯಬೇಡಿ. ಒಣ ಚಳಿಯಲ್ಲಿ ಚೆನ್ನಾಗಿ ಹಿಡಿಯುತ್ತದೆ, ನೀರಿನ ಪಸೆ ಕಂಡರೆ ಕೈ ಬಿಡುತ್ತದೆ. ಇದನ್ನು ತಿಳಿದುಕೊಂಡು ಬಳಸುವವರಿಗೆ ಮಾತ್ರ ಅದು ಒಳ್ಳೆಯ ಸಾಮಾನು.

ಬಾದಾಮಿಯ ಕೆಂಪು ಬಂಡೆ ಹತ್ತಿ ಅಭ್ಯಾಸ ಇದ್ದು, ಸ್ಕೀ ಕಡೆಗೆ ಈಗಷ್ಟೇ ಬರುತ್ತಿರುವವರಿಗಾಗಿ ಎರಡು ಮಾತು. ಸ್ಕಿನ್ ಅಂದರೆ ಸ್ಕೀಯ ತಳಕ್ಕೆ ಉದ್ದಕ್ಕೂ ಹಾಕುವ ರೋಮದ ಪಟ್ಟಿ. ಎತ್ತಿನ ಮೈ ಸವರಿದವರಿಗೆ ಇದು ಬೇಗ ಅರ್ಥವಾಗುತ್ತದೆ. ತಲೆಯಿಂದ ಬಾಲದ ಕಡೆ ಕೈ ಆಡಿಸಿದರೆ ಸಲೀಸು, ಬಾಲದಿಂದ ತಲೆ ಕಡೆ ಆಡಿಸಿದರೆ ಕೈ ತಡೆಯುತ್ತದೆ. ಹಾಗೆಯೇ ಸ್ಕೀ ಮುಂದಕ್ಕೆ ಜಾರುತ್ತದೆ, ಹಿಂದಕ್ಕೆ ಜಾರದೆ ನಿಲ್ಲುತ್ತದೆ, ನೀವು ಏರು ಹತ್ತುತ್ತೀರಿ. ಮೊದಲು ಇದಕ್ಕೆ ಸೀಲ್ ಪ್ರಾಣಿಯ ಚರ್ಮ ಬಳಸುತ್ತಿದ್ದರು. ಈಗ ಅಂಗೋರಾ ಮೇಕೆಯ ರೋಮ, ಅಂದರೆ ಮೊಹೇರ್, ಇಲ್ಲವೇ ನೈಲಾನ್, ಇಲ್ಲವೇ ಎರಡನ್ನೂ ಬೆರೆಸಿದ್ದು. ಮೊಹೇರ್ ಚೆನ್ನಾಗಿ ಜಾರುತ್ತದೆ, ನೈಲಾನ್ ಗಟ್ಟಿ ಹಿಡಿಯುತ್ತದೆ, ಬಾಳಿಕೆಯೂ ಜಾಸ್ತಿ. ಮೊದಲ ಸಲ ಕೊಳ್ಳುವವರಿಗೆ ಬೆರಕೆಯೇ ಸರಿ. ಏರಿನಲ್ಲಿ ಹಿಡಿತ ಎಷ್ಟು ಅನ್ನುವುದನ್ನು ಈ ರೋಮ ತೀರ್ಮಾನಿಸುತ್ತದೆ. ಸ್ಕಿನ್ ಸ್ಕೀಗೆ ಎಷ್ಟು ಗಟ್ಟಿಯಾಗಿ ಕೂರುತ್ತದೆ ಅನ್ನುವುದು ಬೇರೆ ಲೆಕ್ಕ. ಅಂಗಡಿಯವರ ಜೊತೆ ಮಾತಾಡುವಾಗಲೂ ಜನ ಇವೆರಡನ್ನೂ ಒಂದೇ ಮಾಡಿಬಿಡುತ್ತಾರೆ.

ಈಗ ಅಂಟಿನ ಕಡೆ. ಹಳೇ ಮಾದರಿಯದರಲ್ಲಿ ಮುಟ್ಟಿದರೆ ಬೆರಳಿಗೆ ಹತ್ತುವ ಗೋಂದು. ಹೊಸದರಲ್ಲಿ ಸಿಲಿಕೋನ್ ಅಥವಾ ಅಕ್ರಿಲಿಕ್ ಜಾತಿಯ ಮೆತ್ತನೆಯ, ನುಣುಪಾದ ಒಂದು ಪದರ. ಕಾಂಟೂರ್, ಕೋಲಾ, ಗೆಕೋ ಕಂಪನಿಗಳ ಸ್ಕಿನ್‌ಗಳಲ್ಲಿ ಇಂಥ ಪದರ ನೋಡಬಹುದು. ಅದು ನುಣುಪಾದ ತಳದ ಮೇಲೆ ಎಲ್ಲೂ ಗಾಳಿ ಉಳಿಯದ ಹಾಗೆ ಒತ್ತಿ ಕೂತಾಗ ಹಿಡಿದುಕೊಳ್ಳುತ್ತದೆ. ಬೆರಳಿಗೆ ಹತ್ತುವುದಿಲ್ಲ, ಬಟ್ಟೆಯ ನೂಲು ಅಂಟಿದರೂ ಒರೆಸಿದರೆ ಹೋಗುತ್ತದೆ. ಉದ್ದಕ್ಕೆ ಎಳೆದರೆ ಜಗ್ಗುವುದಿಲ್ಲ, ಆದರೆ ತುದಿ ಹಿಡಿದು ಎತ್ತಿದರೆ ಸಲೀಸಾಗಿ ಬಿಟ್ಟುಬರುತ್ತದೆ. ಗಾಳಿ ಬೀಸುವ ದಿಣ್ಣೆಯ ಮೇಲೆ ದಪ್ಪ ಗ್ಲೌಸ್ ಹಾಕಿಕೊಂಡು ಗೋಂದಿನ ಸ್ಕಿನ್ ಕಿತ್ತವರಿಗೆ ಇದರ ಸುಖ ಗೊತ್ತಾಗುತ್ತದೆ, ಅಲ್ಲಿ ಎರಡು ಗೋಂದಿನ ಮೈ ಒಂದಕ್ಕೊಂದು ಕಚ್ಚಿಕೊಂಡರೆ ಬಿಡಿಸಲು ಮೊಣಕಾಲು ಕೊಟ್ಟು ಜಗ್ಗಬೇಕು. ಆದರೆ ಸುಲಭವಾಗಿ ಏಳುವ ಅದೇ ಗುಣ ತೊಂದರೆಯ ಮೂಲವೂ ಹೌದು. ತುದಿಯಲ್ಲಿ ಒಂಚೂರು ಹಿಮ ನುಗ್ಗಿತೋ, ಮುಗಿಯಿತು, ಪ್ರತಿ ಹೆಜ್ಜೆಗೂ ಅದು ಒಳಕ್ಕೆ ಸರಿಯುತ್ತ ಹೋಗುತ್ತದೆ.

ಕಡು ಚಳಿಯಲ್ಲಿ ಗೋಂದು ಗಟ್ಟಿಯಾಗಿ ತನ್ನ ಜಿಗುಟು ಕಳೆದುಕೊಳ್ಳುತ್ತದೆ. ಹೊಸ ಪದರಕ್ಕೆ ಆ ತೊಂದರೆ ಕಡಿಮೆ. ಗುಲ್ಮಾರ್ಗ ಊರೇ ಸುಮಾರು 2,650 ಮೀಟರ್ ಎತ್ತರದಲ್ಲಿದೆ. ಗೊಂಡೋಲಾ ಅನ್ನುವ ಕೇಬಲ್ ಕಾರಿನ ಎರಡನೇ ಹಂತ ಅಫರ್ವಟ್ ಬೆಟ್ಟದಲ್ಲಿ 3,900 ಮೀಟರಿಗೂ ಮೇಲೆ ಬಿಡುತ್ತದೆ. ಡಿಸೆಂಬರ್ 21ರಿಂದ 40 ದಿನ ಕಾಶ್ಮೀರದವರು ಚಿಲ್ಲೈ ಕಲಾನ್ ಅನ್ನುವ ಕಡು ಚಳಿಯ ಕಾಲ. ಆಗಿನ ಪುಡಿ ಹಿಮ ಒಣಗಿರುತ್ತದೆ, ಕೊಡವಿದರೆ ಉದುರಿಹೋಗುತ್ತದೆ. ಗೋಂದಿಲ್ಲದ ಸ್ಕಿನ್‌ಗೆ ಅದಕ್ಕಿಂತ ಒಳ್ಳೆಯ ಹಿಮ ಬೇಕಿಲ್ಲ. ಗೊಂಡೋಲಾದಲ್ಲಿ ಮೇಲೆ ಹೋಗಿ, ಒಂದು ಸಣ್ಣ ಏರು ಹತ್ತಿ, ಉದ್ದಕ್ಕೆ ಇಳಿದುಬರುವ ದಿನಗಳಲ್ಲಿ ಹಾಕುವುದು ಒಂದು ಸಲ, ತೆಗೆಯುವುದು ಒಂದು ಸಲ, ಚಿಂತೆಯೇ ಇಲ್ಲ.

ಪರೀಕ್ಷೆ ಬರುವುದು ಗಾಳಿಗೆ ಮೇಲಿನ ಹಂತ ಬಂದ್ ಆದ ದಿನ. ಅವತ್ತು ಎಲ್ಲರೂ ಕೆಳಗಿನ ಕಾಡಿನಲ್ಲೇ ಹತ್ತುವುದು, ಇಳಿಯುವುದು, ಮತ್ತೆ ಹತ್ತುವುದು. ಪ್ರತಿ ಸಲ ತೆಗೆದು ಹಾಕುವಾಗ ಪದರದ ಮೇಲೆ ಸ್ವಲ್ಪ ಸ್ವಲ್ಪ ಹಿಮ ಕೂರುತ್ತದೆ, ಮೈ ಬಿಸಿಗೆ ಕರಗುತ್ತದೆ, ಮತ್ತೆ ಹೆಪ್ಪುಗಟ್ಟುತ್ತದೆ. ಮೊದಲ ಸುತ್ತಿನಲ್ಲಿ ಗಟ್ಟಿಯಾಗಿ ಕೂತ ಸ್ಕಿನ್ ನಾಲ್ಕನೇ ಸುತ್ತಿಗೆ ಸಡಿಲ ಅನ್ನಿಸಿದರೆ ಕಾರಣ ಇದೇ. ಮಾರ್ಚ್‌ನಲ್ಲಿ ಬಿಸಿಲು ಚುರುಕಾಗಿ ಹಿಮ ಒದ್ದೆಯಾದಾಗ ಇನ್ನೂ ಕಷ್ಟ. ಅಂಥ ದಿನ ಒಳ್ಳೆಯ ಸ್ಥಿತಿಯಲ್ಲಿರುವ ಗೋಂದಿನ ಸ್ಕಿನ್ ಹೆಚ್ಚು ತಾಳಿಕೊಳ್ಳುತ್ತದೆ, ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಬರೀ ಮಾರ್ಚ್, ಏಪ್ರಿಲ್‌ನಲ್ಲೇ ಹೋಗುವವರು ನೀವಾದರೆ ಸ್ಕಿನ್ ಕೊಳ್ಳುವ ಬದಲು ಅಲ್ಲೇ ಬಾಡಿಗೆಗೆ ಕೇಳಿ ನೋಡಿ.

ಇದನ್ನೆಲ್ಲ ಅಲ್ಲಿಗೆ ಹೋಗಿಯೇ ಕಲಿಯಬೇಕು ಅಂತಿಲ್ಲ. ಸ್ಕಿನ್ ಅನ್ನು ಸ್ಕೀಯ ಅಳತೆಗೆ ಕತ್ತರಿಸಿದಾಗ ಬದಿಯಲ್ಲಿ ಉದ್ದನೆಯ ಚೂರು ಉಳಿಯುತ್ತದೆ, ಎಸೆಯಬೇಡಿ. ಅಂಗೈ ಉದ್ದದ ತುಂಡನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಒಂದು ರಾತ್ರಿ ಫ್ರೀಜರ್‌ನಲ್ಲಿಡಿ. ಬೆಳಿಗ್ಗೆ ಹೊರಗೆ ತೆಗೆದು ಒಂದು ನಿಮಿಷ ಸುಮ್ನೆ ಮೇಜಿನ ಮೇಲಿಡಿ, ಅಡುಗೆಮನೆಯ ಹವೆಗೆ ಪದರದ ಮೇಲೆ ಮಂಜು ಕಟ್ಟಿ ಸಣ್ಣ ಸಣ್ಣ ಹನಿ ಏಳುತ್ತದೆ. ಹಾಗೇ ಸ್ಕೀಯ ತಳಕ್ಕೆ ಒತ್ತಿ, ತುದಿ ಹಿಡಿದು ಎತ್ತಿ. ಹಿಡಿತ ಇರುವುದೇ ಇಲ್ಲ, ಪಕ್ಕಕ್ಕೆ ಜಾರಿದರೂ ಜಾರಿತು. ಈಗ ಒಣ ಬಟ್ಟೆಯಲ್ಲಿ ಪದರವನ್ನೂ ತಳವನ್ನೂ ಚೆನ್ನಾಗಿ ಒರೆಸಿ ಮತ್ತೆ ಒತ್ತಿ. ಅದೇ ತುಂಡು ಗಟ್ಟಿಯಾಗಿ ಕೂರುತ್ತದೆ. ಹಿಮದಲ್ಲಿ ಏನು ಮಾಡಬೇಕು ಅನ್ನುವುದರ ಮುಕ್ಕಾಲು ಪಾಲು ಇಷ್ಟರಲ್ಲೇ ಬಂತು.

ಕತ್ತರಿಸುವಾಗ ಸ್ಕೀಯ ಎರಡೂ ಬದಿಯ ಉಕ್ಕಿನ ಅಂಚು ಪೂರ್ತಿ ಕಾಣುವ ಹಾಗೆ ಒಂದೆರಡು ಮಿಲಿಮೀಟರ್ ಒಳಗೆ ಬನ್ನಿ. ಗಟ್ಟಿ ಹಿಮದ ಓರೆಯಲ್ಲಿ ಅಡ್ಡ ಹೋಗುವಾಗ ಕಚ್ಚಿ ಹಿಡಿಯುವುದು ಆ ಅಂಚು. ಸ್ಕಿನ್ ಜೊತೆ ಬರುವ ಸಣ್ಣ ಕಟರ್ ಸಾಕು. ಬ್ಲೇಡು ಹೊಸದಿರಲಿ, ಮೊಂಡಾದರೆ ಅಂಚು ಎದ್ದುಕೊಳ್ಳುತ್ತದೆ, ಹಿಮ ನುಗ್ಗುವುದು ಅಲ್ಲಿಂದಲೇ. ಕೊಳ್ಳುವಾಗ ಹಿಂದಿನ ಕ್ಲಿಪ್ ಹೇಗಿದೆ ನೋಡಿ. ಗೋಂದಿನ ಸ್ಕಿನ್‌ನಲ್ಲಿ ಹಿಂದೆ ಕ್ಲಿಪ್ ಇಲ್ಲದಿದ್ದರೂ ಹೇಗೋ ನಡೆಯುತ್ತದೆ, ಇದರಲ್ಲಿ ನಡೆಯುವುದಿಲ್ಲ. ಮುಂದಿನ ಲೂಪ್, ಹಿಂದಿನ ಕ್ಲಿಪ್ ಎರಡೂ ಇರಬೇಕು, ಕ್ಲಿಪ್ಪಿನ ಬಿಗಿ ಹೆಚ್ಚು ಕಡಿಮೆ ಮಾಡುವ ಹಾಗೆ ಇರಬೇಕು.

ಸ್ಕೀಯ ತಳದ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕೆಂದರೆ ಸ್ಕಿನ್ ಸರಿ ಇಲ್ಲ ಅಂತ ದೂರುವ ಎಷ್ಟೋ ಸಲ ತಪ್ಪು ತಳದ್ದಾಗಿರುತ್ತದೆ. ನಮ್ಮಲ್ಲಿ ಬಹಳ ಜನ ಸ್ಕೀ ಬಾಡಿಗೆಗೆ ತೆಗೆದುಕೊಂಡು ಸ್ಕಿನ್ ಮಾತ್ರ ತಮ್ಮದು ಒಯ್ಯುತ್ತಾರೆ. ಬಾಡಿಗೆ ಸ್ಕೀಯ ಅಗಲ ಬೇರೆ ಇದ್ದರೆ ಕತ್ತರಿಸಿದ ಸ್ಕಿನ್ ದಂಡ, ಆದ್ದರಿಂದ ಮುಂಚೆಯೇ ಫೋನ್ ಮಾಡಿ ಸ್ಕೀಯ ಉದ್ದ, ನಡುವಿನ ಅಗಲ, ತುದಿಯ ಅಗಲ ಕೇಳಿ ಬರೆದುಕೊಳ್ಳಿ. ಸ್ಕೀ ಕೈಗೆ ಬಂದ ಮೇಲೆ ತಿರುಗಿಸಿ, ಉಗುರಿನಿಂದ ತಳವನ್ನು ಕೆರೆದು ನೋಡಿ. ಹಿಂದೆ ಬಳಸಿದವರ ಗೋಂದು ಕಂದು ಬಣ್ಣದ ಕಲೆಯ ಹಾಗೆ ಅಂಟಿಕೊಂಡಿದ್ದರೆ ಅಂಗಡಿಯವರಿಗೆ ಹೇಳಿ ಬೇಸ್ ಕ್ಲೀನರ್‌ನಿಂದ ತೆಗೆಸಿ, ಪೂರ್ತಿ ಒಣಗಲು ಬಿಡಿ. ವ್ಯಾಕ್ಸ್ ಹೊಸದಾಗಿ ಹಾಕಿದ್ದರೆ ಕೆರೆದು, ಬ್ರಶ್ ಮಾಡಿ, ಕೈಗೆ ಜಿಡ್ಡು ಹತ್ತದ ಹಾಗಿರಬೇಕು. ಉಳಿದ ವ್ಯಾಕ್ಸ್ ಪದರದ ಮೇಲೆ ಕೂತರೆ ಹಿಡಿತ ಹೋಯಿತೆಂದೇ ಲೆಕ್ಕ. ಕಲ್ಲು ತಗುಲಿ ಆಳವಾಗಿ ಗೀರಿದ ತಳ ಇದ್ದರೆ ಬೇರೆ ಜೋಡಿ ಕೇಳಿ, ಸಂಕೋಚ ಬೇಡ.

ಹಾಕುವ ಕ್ರಮ ಹೀಗೆ. ಸ್ಕೀಯ ಬೆನ್ನನ್ನು ಗಾಳಿ ಕಡೆ ಮಾಡಿ ಅದರ ಮರೆಯಲ್ಲಿ ನಿಲ್ಲಿ. ಮಂಜುಗಡ್ಡೆ ಅಂಟಿದ್ದರೆ ಪ್ಲಾಸ್ಟಿಕ್ ಸ್ಕ್ರೇಪರ್‌ನಿಂದ ಕೆರೆಯಿರಿ, ಆಮೇಲೆ ಮೈಕ್ರೋಫೈಬರ್ ಬಟ್ಟೆಯಿಂದ ಒರೆಸಿ. ಬಟ್ಟೆ ಎರಡು ಇರಲಿ, ಮೊದಲನೆಯದು ಒದ್ದೆಯಾಗುವುದು ಖಂಡಿತ. ಮುಂದಿನ ಲೂಪ್ ಸಿಕ್ಕಿಸಿ, ಸ್ಕಿನ್ ಅನ್ನು ನಡುವೆ ನೇರವಾಗಿ ಬಿಡುತ್ತ ಬನ್ನಿ, ಅಂಗೈಯಿಂದ ನಡುವಿನಿಂದ ಅಂಚಿಗೆ ಒತ್ತಿ ಗಾಳಿ ಹೊರಹಾಕಿ. ಕೊನೆಗೆ ಹಿಂದಿನ ಕ್ಲಿಪ್ ಎಳೆದು ಬಿಗಿ ಮಾಡಿ. ಆದ ಮೇಲೆ ಉದ್ದಕ್ಕೂ ಇನ್ನೊಂದು ಸಲ ಒತ್ತಿ, ಬೂಟು ಕೂರುವ ಜಾಗದ ಆಚೀಚೆ ಇನ್ನೂ ಸ್ವಲ್ಪ ಜೋರಾಗಿ.

ತೆಗೆದ ಕೂಡಲೇ ಪದರಕ್ಕೆ ಪದರ ಸೇರಿಸಿ ಮಡಚಿ ಜಾಕೆಟ್ ಒಳಗೆ ಎದೆ ಹತ್ತಿರ ಇಟ್ಟುಕೊಳ್ಳಿ. ನಡುವೆ ಹಾಕುವ ಮೆಶ್ (ಬಲೆಯಂಥ) ಹಾಳೆ ಬೇಕಿಲ್ಲ, ಎಳೆದರೆ ಸುಲಭವಾಗಿ ಬಿಡುತ್ತದೆ. ಹಿಮದ ಮೇಲೆ ಹಾಸಿಡಬೇಡಿ, ಫೋಟೋ ತೆಗೆಯುವವರೆಗೆ ಭುಜದ ಮೇಲೆ ನೇತುಹಾಕಿಕೊಳ್ಳುವುದೂ ಬೇಡ, ಗಾಳಿ ತರುವ ಪುಡಿ ಹಿಮ ಅಷ್ಟರಲ್ಲೇ ಕೂತಿರುತ್ತದೆ.

ನಡುದಾರಿಯಲ್ಲಿ ಬಿಟ್ಟುಕೊಳ್ಳತೊಡಗಿದರೆ? ಸಾಮಾನ್ಯವಾಗಿ ಕಿಕ್ ಟರ್ನ್ ಮಾಡುವಾಗ, ಅಂದರೆ ಏರಿನಲ್ಲಿ ನಿಂತಲ್ಲೇ ಒಂದೊಂದೇ ಸ್ಕೀ ಎತ್ತಿ ತಿರುಗುವಾಗ, ಹಿಂದಿನ ತುದಿಯಿಂದ ಶುರು. ಮುಂದೆ ಹೋಗುತ್ತ ಸರಿಹೋಗುತ್ತದೆ ಅಂತ ಎಳೆದುಕೊಂಡು ನಡೆಯಬೇಡಿ. ಸುರಕ್ಷಿತವಾದ ಸಮ ಜಾಗ ನೋಡಿ ನಿಲ್ಲಿ, ಪೂರ್ತಿ ತೆಗೆಯಿರಿ, ತಳ ಕೆರೆದು ಒರೆಸಿ, ಪದರ ಒರೆಸಿ, ಒಂದೆರಡು ನಿಮಿಷ ಜಾಕೆಟ್ ಒಳಗಿಟ್ಟು ಮತ್ತೆ ಹಾಕಿ. ಅದಕ್ಕೂ ಜಗ್ಗದಿದ್ದರೆ ಸ್ಕೀ ಸ್ಟ್ರಾಪ್ ಬೇಕಾಗುತ್ತದೆ. ರಬ್ಬರಿನ ಹಾಗೆ ಹಿಗ್ಗುವ ಆ ಪಟ್ಟಿಯನ್ನು ಬೂಟು ಹಿಡಿಯುವ ಬೈಂಡಿಂಗ್ ಹಿಂದೆ ಒಂದು, ತುದಿಗೆ ಒಂದು, ಸ್ಕೀಗೆ ಸುತ್ತ ಬಿಗಿದು ನಿಧಾನಕ್ಕೆ ಹತ್ತಬಹುದು. ಸ್ಕೀ ಮುಂದಕ್ಕೆ ಜಾರುವುದು ಕಡಿಮೆಯಾಗುತ್ತದೆ, ಆದರೆ ಊರು ಮುಟ್ಟುತ್ತೀರಿ. ಒಬ್ಬೊಬ್ಬರ ಬ್ಯಾಗಿನಲ್ಲೂ ಸ್ಟ್ರಾಪ್ ಕನಿಷ್ಠ ನಾಲ್ಕು ಇರಲಿ, ಟ್ರೆಕ್ಕಿಂಗ್ ಪೋಲ್‌ಗೆ ಸ್ವಲ್ಪ ಡಕ್ಟ್ ಟೇಪ್ ಸುತ್ತಿಡಿ.

ಇನ್ನೊಂದು ತೊಂದರೆಯನ್ನು ಇದರ ಜೊತೆ ಬೆರೆಸಬೇಡಿ. ನೆರಳಿನ ತಣ್ಣನೆ ಹಿಮದಿಂದ ಬಿಸಿಲಿನ ಒದ್ದೆ ಹಿಮಕ್ಕೆ ಹೋಗಿ ಮತ್ತೆ ನೆರಳಿಗೆ ಬಂದರೆ ರೋಮದ ಬದಿಯಲ್ಲಿ ಹಿಮ ಉಂಡೆ ಕಟ್ಟುತ್ತದೆ, ಕಾಲು ಎತ್ತಲಾಗದಷ್ಟು ಭಾರ. ಅದು ಎಲ್ಲ ಜಾತಿಯ ಸ್ಕಿನ್‌ಗೂ ಆಗುತ್ತದೆ. ಹೊರಡುವ ಮುಂಚೆ ಸ್ಕಿನ್ ವ್ಯಾಕ್ಸ್ ಅನ್ನು ರೋಮ ಬಾಗಿದ ದಿಕ್ಕಿಗೆ ಉಜ್ಜಿ. ರೋಮದ ಬದಿಗೆ ಮಾತ್ರ, ಕೈ ತಪ್ಪಿಯೂ ಪದರಕ್ಕೆ ತಾಗಿಸಬೇಡಿ.

ಸ್ಕಿನ್ ಎಷ್ಟೇ ಚೆನ್ನಾಗಿದ್ದರೂ ಗೊಂಡೋಲಾದ ಗಡಿ ದಾಟಿ ಹೋಗುವುದಾದರೆ ಹಿಮಕುಸಿತದ ಭಯ ಇದ್ದೇ ಇದೆ. ಚಂಡೀಗಢದ ಡಿಜಿಆರ್‌ಇ ಅನ್ನುವ ರಕ್ಷಣಾ ಸಂಶೋಧನಾ ಸಂಸ್ಥೆ ಹಿಮಕುಸಿತದ ಮುನ್ಸೂಚನೆ ಕೊಡುತ್ತದೆ, ಗುಲ್ಮಾರ್ಗದಲ್ಲಿ ಸ್ಕೀ ಪ್ಯಾಟ್ರೋಲ್, ಅಂದರೆ ಕಾವಲು ತಂಡ, ಇದೆ. ಬೆಳಿಗ್ಗೆ ಅವರನ್ನು ಕೇಳಿಯೇ ಹೊರಡಿ. ಟ್ರಾನ್ಸೀವರ್ (ಹಿಮದಡಿ ಸಿಕ್ಕವರನ್ನು ಹುಡುಕುವ ರೇಡಿಯೋ ಸಾಧನ), ಪ್ರೋಬ್ (ಹಿಮಕ್ಕೆ ಚುಚ್ಚಿ ನೋಡುವ ಉದ್ದ ಕೋಲು), ಸಲಿಕೆ ಮೂರೂ ಇಲ್ಲದೆ, ಸ್ಥಳೀಯ ಗೈಡ್ ಇಲ್ಲದೆ ಹೋಗಬೇಡಿ.

ವಾಪಸ್ ಬಂದ ಮೇಲೆ ಕೆಲಸ ಸ್ವಲ್ಪವೇ. ತಯಾರಿಸಿದವರು ಒಪ್ಪಿದ್ದರೆ ಉಗುರುಬೆಚ್ಚನೆ ನೀರಲ್ಲಿ ಅದ್ದಿದ ಬಟ್ಟೆಯಿಂದ ಪದರ ಒರೆಸಿ. ಕೆಲವಕ್ಕೆ ಅವರದೇ ಕ್ಲೀನರ್ ಬೇಕು, ಜೊತೆಗಿರುವ ಚೀಟಿ ಓದಿ. ಸೋಪು, ಪೆಟ್ರೋಲು, ಥಿನ್ನರ್ ಯಾವುದೂ ಬೇಡ. ಫ್ಯಾನಿನ ಗಾಳಿಗೆ ನೆರಳಲ್ಲಿ ಒಣಗಿಸಿ, ಹಂಚಿನ ಮೇಲೆ ಬಿಸಿಲಿಗೆ ಹಾಕಬೇಡಿ. ನಮ್ಮ ಎರೆಮಣ್ಣಿನ ಧೂಳು ಸಣ್ಣದು, ಕಿಟಕಿ ಸಂದಿಯಿಂದಲೂ ಬಂದು ಕೂರುತ್ತದೆ, ಅದಕ್ಕೇ ಒಣಗಿದ ಕೂಡಲೇ ಮಡಚಿ ಚೀಲಕ್ಕೆ ಹಾಕಿ, ಆ ಚೀಲವನ್ನು ಮುಚ್ಚಳ ಇರುವ ಸ್ಟೀಲ್ ಡಬ್ಬಿಯಲ್ಲಿಡಿ. ಮೊಹೇರ್ ಅಂದರೆ ರೋಮವೇ ತಾನೇ, ಇಲಿಗೂ ನುಸಿಗೂ ಇಷ್ಟ. ಡಬ್ಬಿ ಅಟ್ಟದ ಮೇಲೆ ಬೇಡ, ಮನೆಯಲ್ಲಿ ಎಲ್ಲಕ್ಕಿಂತ ತಂಪಾದ ಕೋಣೆಯ ನೆಲದ ಮೇಲೆ ಇರಲಿ. ಈ ಪದರ ಹಾಳಾದರೆ ಮನೆಯಲ್ಲಿ ಹೊಸದಾಗಿ ಹಚ್ಚಲು ಬರುವುದಿಲ್ಲ, ಅದರ ಮೇಲೆ ಮಾಮೂಲಿ ಗೋಂದೂ ನಿಲ್ಲುವುದಿಲ್ಲ. ಆದ್ದರಿಂದ ನವೆಂಬರ್‌ನಲ್ಲೇ ಒಮ್ಮೆ ಬಿಡಿಸಿ ನೋಡಿ, ಗುಳ್ಳೆ ಎದ್ದಿದೆಯೋ, ಅಂಚು ಕಿತ್ತಿದೆಯೋ ಪರೀಕ್ಷಿಸಿ. ಬದಲಿ ಜೋಡಿ ಬೇಕಾದರೆ ತರಿಸಿಕೊಳ್ಳಲು ಆಗ ಇನ್ನೂ ಸಮಯ ಇರುತ್ತದೆ.