ಫ್ರಿಜ್ಜಿನಲ್ಲಿ ಉಪ್ಸಾರಿನ ಖಾರ ಇದ್ದರೆ

ಒಬ್ಬನೇ ಅಡುಗೆ ಮಾಡಿಕೊಂಡು ಉಣ್ಣುವ ನನಗೆ ಬೇಜಾರು ಬರುವುದು ಪಾತ್ರೆ ತೊಳೆಯುವ ಹೊತ್ತಿಗೆ. ಬೇಳೆ ಬೆಂದ ಕುಕ್ಕರ್, ಸಾರು ಕುದಿಸಿದ ಪಾತ್ರೆ, ಪಲ್ಯದ ಬಾಣಲೆ, ಒಗ್ಗರಣೆ ಸೌಟು, ಮಿಕ್ಸಿ ಜಾರು. ಆರು ಜನ ಉಂಡರೂ ಇಷ್ಟೇ ಪಾತ್ರೆ, ಒಬ್ಬ ಉಂಡರೂ ಇಷ್ಟೇ. ಅನ್ನ, ಸಾರು, ಪಲ್ಯ ಅನ್ನುವ ಲೆಕ್ಕ ಮನೆ ತುಂಬ ಜನ ಇರುವವರದು. ಅದನ್ನೇ ಒಬ್ಬನ ಅಳತೆಗೆ ಇಳಿಸಲು ಹೋದರೆ ಹಿಡಿ ಬೇಳೆ ಕುಕ್ಕರಿನ ತಳಕ್ಕೆ ಅಂಟಿಕೊಂಡು ಕೂರುತ್ತದೆ, ಇಲ್ಲವೇ ಮೂರು ದಿನ ಅದೇ ಸಾರು ಬಿಸಿ ಮಾಡಿಕೊಂಡು ಉಣ್ಣಬೇಕಾಗುತ್ತದೆ.

ನಮ್ಮದು ಮಂಡ್ಯ ಕಡೆ. ಕೆಲಸ ಬೆಂಗಳೂರಿನಲ್ಲಿ, ಇರುವುದು ಒಂದು ಕೋಣೆಯ ಮನೆ. ದಾರಿ ತೋರಿಸಿದ್ದು ಅಮ್ಮನೇ, ಫೋನಿನಲ್ಲಿ: "ಒಬ್ನಿಗೆ ಅಂತ ಏನ್ ದಿನಾ ಸಾರ್ ಕಾಯಿಸ್ತೀಯ ಮಗ, ಖಾರ ಅರ್ದಿಟ್ಕ, ಬೇಕಾದಾಗ ಬಸ್ಕ." ಅಂದಿನಿಂದ ನನ್ನ ಅಡುಗೆಮನೆ ನಡೆಯುತ್ತಿರುವುದು ಉಪ್ಸಾರಿನ ಮೇಲೆ, ಅಂದರೆ ಬೇಳೆ ಸೊಪ್ಪು ಬೇಯಿಸಿ ಬಸಿದ ನೀರಿಗೆ ಅರೆದ ಖಾರ ಕದಡಿಕೊಳ್ಳುವ ಸಾರಿನ ಮೇಲೆ.

ಖಾರದಿಂದಲೇ ಶುರು ಮಾಡುತ್ತೇನೆ, ಮಿಕ್ಕಿದ್ದೆಲ್ಲ ಅದರ ಹಿಂದೆ ಬರುತ್ತದೆ. ಭಾನುವಾರ ಹತ್ತು ಹನ್ನೆರಡು ಒಣಮೆಣಸಿನಕಾಯಿಯನ್ನು ಒಂದು ತೊಟ್ಟು ಎಣ್ಣೆಯಲ್ಲಿ ಬೆಚ್ಚಗೆ ಹುರಿಯುತ್ತೇನೆ. ಮುಕ್ಕಾಲು ಪಾಲು ಬ್ಯಾಡಗಿ ಬಣ್ಣಕ್ಕೆ, ಕಾಲು ಪಾಲು ಗುಂಟೂರು ಖಾರಕ್ಕೆ. ಅದೇ ಬಿಸಿಗೆ ಒಂದು ಚಮಚ ಜೀರಿಗೆ, ಅರ್ಧ ಚಮಚ ಕರಿಮೆಣಸು. ಒಂದು ಇಡೀ ಗೆಡ್ಡೆ ಬೆಳ್ಳುಳ್ಳಿ, ಗೋಲಿ ಗಾತ್ರದ ಹುಣಸೆಹಣ್ಣು, ಉಪ್ಪು ಸೇರಿಸಿ ಆದಷ್ಟು ಕಡಿಮೆ ನೀರಿನಲ್ಲಿ ನುಣ್ಣಗೆ ಅರೆಯುವುದು. ತೆಂಗಿನಕಾಯಿ, ಕೊತ್ತಂಬರಿ ಸೊಪ್ಪು ಹಾಕಿದರೆ ರುಚಿ ಹೆಚ್ಚು, ಆದರೆ ಬೇಗ ಹಳಸುತ್ತದೆ. ಅವನ್ನು ತಿನ್ನುವ ದಿನವೇ ತಟ್ಟೆಗೆ ಉದುರಿಸಿಕೊಂಡರೆ ಸಾಕು. ಒಣಗಿದ ಗಾಜಿನ ಬಾಟಲಿಯಲ್ಲಿಟ್ಟು, ಒದ್ದೆ ಚಮಚ ಅದ್ದದೆ ಇದ್ದರೆ ಫ್ರಿಜ್ಜಿನಲ್ಲಿ ಒಂದು ವಾರಕ್ಕೆ ಮೋಸವಿಲ್ಲ. ವಾರಕ್ಕೆ ಮಿಕ್ಸಿ ತೊಳೆಯುವುದು ಹೆಚ್ಚುಕಮ್ಮಿ ಅದೊಂದು ಸಲ.

ವಾರದ ದಿನ ಸಂಜೆ ಕೆಲಸದಿಂದ ಬಂದ ತಕ್ಷಣ, ಬಟ್ಟೆ ಬದಲಾಯಿಸುವುದಕ್ಕೂ ಮೊದಲು, ಅರ್ಧ ಲೋಟ ತೊಗರಿಬೇಳೆ ನೆನೆಹಾಕುತ್ತೇನೆ. ಅರ್ಧ ಗಂಟೆ ಬಿಟ್ಟು ತೆರೆದ ಪಾತ್ರೆಯಲ್ಲಿ ಮೂರು ಲೋಟ ನೀರಿಟ್ಟು ಬೇಯಿಸುವುದು. ಕುಕ್ಕರ್ ಬೇಡ. ಕುಕ್ಕರಿನಲ್ಲಿ ಬೇಳೆ ಕರಗಿಹೋದರೆ ಕಟ್ಟು, ಅಂದರೆ ಬೇಳೆ ಬೆಂದ ನೀರು, ಗಂಜಿಯಾಗುತ್ತದೆ, ಬಸಿಯುವುದಕ್ಕೆ ಏನೂ ಉಳಿಯುವುದಿಲ್ಲ. ಬೆರಳಲ್ಲಿ ಒತ್ತಿದರೆ ಮುರಿಯಬೇಕು, ಆದರೆ ಆಕಾರ ಬಿಟ್ಟಿರಬಾರದು. ಆ ಹದಕ್ಕೆ ಹೆಚ್ಚಿದ ಒಂದು ಕಟ್ಟು ದಂಟಿನ ಸೊಪ್ಪೋ ಸಬ್ಬಸಿಗೆಯೋ ಹಾಕಿ, ಉಪ್ಪು ಹಾಕಿ, ಐದು ನಿಮಿಷ ಕುದಿಸಿ ಬಸಿದರೆ ಮುಗಿಯಿತು. ಸೊಪ್ಪು ಬಿಡಿಸುವುದೇ ದೊಡ್ಡ ಕೆಲಸ ಅನ್ನಿಸುವ ದಿನ ಬೀನ್ಸ್ ಮುರಿದು ಹಾಕುತ್ತೇನೆ, ಅದಕ್ಕೆ ಚಾಕುವೂ ಬೇಡ. ಬೀನ್ಸ್ ಬೇಯಲು ಇನ್ನೊಂದಿಷ್ಟು ಹೊತ್ತು ಬೇಕು, ಅಷ್ಟೇ.

ಬಸಿದ ಕಟ್ಟು ಒಂದು ಕಡೆ, ಬೇಳೆ ಸೊಪ್ಪು ಇನ್ನೊಂದು ಕಡೆ. ಅರ್ಧ ಚಮಚ ಖಾರವನ್ನು ತಟ್ಟೆಯಲ್ಲೇ ಬಿಸಿ ಕಟ್ಟಿಗೆ ಕದಡಿಕೊಂಡರೆ ಅದೇ ಸಾರು. ಮತ್ತೆ ಕುದಿಸಬೇಕಿಲ್ಲ, ಒಗ್ಗರಣೆಯ ಹಂಗಿಲ್ಲ. ಬೇಳೆ ಸೊಪ್ಪಿಗೆ ಊರಲ್ಲಿ ಈರುಳ್ಳಿ ಒಗ್ಗರಣೆ ಕೊಟ್ಟು ಪಲ್ಯ ಮಾಡುತ್ತಾರೆ. ನಾನು ಹಸಿ ಈರುಳ್ಳಿ ಹೆಚ್ಚಿ ಬೆರೆಸಿ, ಕಾಯಿತುರಿ ಇದ್ದರೆ ಉದುರಿಸಿ, ಹಾಗೇ ತಿನ್ನುತ್ತೇನೆ. ಅಮ್ಮನಿಗೆ ಇದು ಒಪ್ಪಿಗೆಯಿಲ್ಲ.

ಜೊತೆಗೆ ಹಿಟ್ಟು. ಒಬ್ಬನಿಗೆ ಮುದ್ದೆ ಮಾಡುವುದು ಕಷ್ಟ ಅನ್ನುವವರು ದೊಡ್ಡ ಪಾತ್ರೆ ಇಡುತ್ತಾರೆ ಅಂತ ನನ್ನ ಅನುಮಾನ. ಒಂದು ಮುದ್ದೆಗೆ ಹಾಲು ಕಾಯಿಸುವ, ಹಿಡಿ ಇರುವ ಸಣ್ಣ ಪಾತ್ರೆ ಸಾಕು. ಒಂದು ಲೋಟ ನೀರು, ಅರ್ಧ ಲೋಟಕ್ಕಿಂತ ತುಸು ಹೆಚ್ಚು ರಾಗಿಹಿಟ್ಟು. ಒಂದು ಚಮಚ ಹಿಟ್ಟನ್ನು ತಣ್ಣೀರಲ್ಲಿ ಕದಡಿ ಮೊದಲೇ ನೀರಿಗೆ ಬಿಟ್ಟು ಕೈಯಾಡಿಸುತ್ತಾ ಕುದಿ ಬರಿಸಬೇಕು. ಗಂಟು ಕಟ್ಟದಿರಲು ಇದೇ ಉಪಾಯ. ಉಕ್ಕಿ ಬರುವಾಗ ಉಳಿದ ಹಿಟ್ಟನ್ನು ನಡುವೆ ಗುಡ್ಡೆಯಾಗಿ ಸುರಿದು, ಕಲಕದೆ, ಸೌಟಿನ ಹಿಡಿಯಿಂದ ಮಧ್ಯಕ್ಕೆ ಒಂದು ತೂತು ಮಾಡಿ, ಉರಿ ತಗ್ಗಿಸಿ ಐದು ನಿಮಿಷ ಬಿಡುವುದು. ತೂತಿನಿಂದ ನೀರು ಬುಳುಬುಳು ಮೇಲೆದ್ದು ಹಿಟ್ಟಿನ ಅಂಚು ಕಪ್ಪಗಾಗುತ್ತಾ ಬರುತ್ತದೆ. ಆಮೇಲೆ ಪಾತ್ರೆಯ ಹಿಡಿಯನ್ನು ಬಟ್ಟೆಯಲ್ಲಿ ಗಟ್ಟಿ ಹಿಡಿದು ಮರದ ಸೌಟಿನ ಹಿಡಿಯಿಂದಲೇ ತೊಳಸುವುದು. ಹಸಿ ಹಿಟ್ಟಿನ ಬಿಳಿ ಎಲ್ಲೂ ಕಾಣದೆ, ಒದ್ದೆ ಕೈಲಿ ಮುಟ್ಟಿದರೆ ಅಂಟದಿದ್ದರೆ ಬೆಂದಿದೆ. ಪಾತ್ರೆಗೆ ಅಲ್ಲೇ ನೀರು ಹೊಯ್ದಿಡಬೇಕು, ಒಣಗಿದರೆ ಉಜ್ಜಿ ಉಜ್ಜಿ ಸಾಕಾಗುತ್ತದೆ. 2023ನ್ನು ವಿಶ್ವಸಂಸ್ಥೆ ಅಂತಾರಾಷ್ಟ್ರೀಯ ಸಿರಿಧಾನ್ಯ ವರ್ಷ ಎಂದು ಸಾರಿದ್ದು ಒಳ್ಳೆಯದೇ, ಅಂಗಡಿಯಲ್ಲಿ ರಾಗಿ ಬಿಸ್ಕತ್ತು, ರಾಗಿ ನೂಡಲ್ಸ್ ಸಾಲುಗಟ್ಟಿವೆ. ಆ ನೂಡಲ್ಸ್ ಬೇಯಿಸಿ ಮುಗಿಸುವ ಹೊತ್ತಿಗೆ ನನ್ನ ಮುದ್ದೆಯೂ ಸುಮಾರಾಗಿ ಆಗಿರುತ್ತದೆ.

ಉಳಿದ ಕಟ್ಟು ಮತ್ತು ಒಂದು ಸೌಟು ಬೇಳೆ ಸೊಪ್ಪು ಫ್ರಿಜ್ಜಿಗೆ. ಮಾರನೆಯ ದಿನ ಈರುಳ್ಳಿ ಬೆಳ್ಳುಳ್ಳಿ ಹುರಿದು, ಕಾಯಿ, ಸಾರಿನ ಪುಡಿ, ಆ ಬೇಳೆ ಸೊಪ್ಪಿನೊಡನೆ ಅರೆದು ಕಟ್ಟಿಗೆ ಹಾಕಿ ಕುದಿಸಿದರೆ ಬಸ್ಸಾರು. ವಾರದಲ್ಲಿ ಎರಡನೆಯ ಸಲ ಮಿಕ್ಸಿ ತೊಳೆಯುವುದು ಇದಕ್ಕಾಗಿ, ಅದೂ ಮನಸ್ಸಿದ್ದರೆ. ಮನಸ್ಸಿಲ್ಲದಿದ್ದರೆ ಕಟ್ಟಿಗೆ ಖಾರ ಹಾಕಿ ಕುದಿಸಿ, ಉರಿ ಸಣ್ಣ ಮಾಡಿ ಎರಡು ಮೊಟ್ಟೆ ಒಡೆದು ಬಿಡುತ್ತೇನೆ. ಸೌಟು ಆಡಿಸಬಾರದು, ಮೊಟ್ಟೆ ತಾನೇ ಗಟ್ಟಿಯಾಗಬೇಕು.

ಇದಕ್ಕೆ ಅನ್ನ ಒಳ್ಳೆಯದು. ಅನ್ನದ ವಿಷಯದಲ್ಲಿ ಮಾತ್ರ ನಾನು ಕಟ್ಟುನಿಟ್ಟು: ಬೆಳಿಗ್ಗೆ ಮಾಡಿದ್ದನ್ನು ರಾತ್ರಿವರೆಗೆ ಹೊರಗೆ ಇಡುವುದಿಲ್ಲ. ಅಕ್ಕಿಯಲ್ಲಿರುವ ಬ್ಯಾಸಿಲಸ್ ಸಿರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಕುದಿಸಿದರೂ ಸಾಯುವುದಿಲ್ಲ. ಅನ್ನ ಹೊರಗೇ ಇದ್ದರೆ ಅವು ಮೊಳೆತು ವಿಷ ಬಿಡುತ್ತವೆ, ಮತ್ತೆ ಬಿಸಿ ಮಾಡಿದರೂ ಆ ವಿಷ ಹೋಗುವುದಿಲ್ಲ. ಹಾಗಾಗಿ ಉಳಿದದ್ದನ್ನು ಅಗಲವಾದ ಡಬ್ಬಿಯಲ್ಲಿ ಹರಡಿ, ಆರಿದ ಕೂಡಲೇ ಫ್ರಿಜ್ಜಿಗೆ ಇಟ್ಟು, ಮಾರನೆಯ ದಿನವೇ ಮುಗಿಸುತ್ತೇನೆ.

ಬಿರುಬೇಸಿಗೆಯಲ್ಲಿ ಒಲೆ ಮುಂದೆ ನಿಲ್ಲುವುದೇ ಬೇಡ ಅನ್ನಿಸಿದಾಗ ತಂಬುಳಿ. ನಮ್ಮ ಕಡೆ ಅಷ್ಟು ರೂಢಿಯಿಲ್ಲ. ಹಿಂದೆ ಜೊತೆಗಿದ್ದ ಸಾಗರದ ಗೆಳೆಯನಿಂದ ಕಲಿತದ್ದು. ಬಾಲ್ಕನಿಯ ಕುಂಡದಲ್ಲಿ ದೊಡ್ಡಪತ್ರೆ ಇದೆ, ಕಡ್ಡಿ ಮುರಿದು ನೆಟ್ಟರೆ ಬರುವ ಗಿಡ. ಎಂಟು ಹತ್ತು ಎಲೆ, ಜೀರಿಗೆ, ಎರಡು ಕಾಳುಮೆಣಸು ತುಪ್ಪದಲ್ಲಿ ಬಾಡಿಸಿ, ಕಾಯಿತುರಿ ಜೊತೆ ಅರೆದು ಮಜ್ಜಿಗೆಗೆ ಬೆರೆಸುವುದು. ಕುದಿಸುವ ಮಾತಿಲ್ಲ. ಮಿಕ್ಕಿದ್ದನ್ನು ಲೋಟಕ್ಕೆ ಹಾಕಿ ಕುಡಿಯಬಹುದು.

ಒಬ್ಬನಿಗೆಂದು ನಾನು ಕೈ ಹಾಕದ ಅಡುಗೆಗಳೂ ಇವೆ. ದೋಸೆ ಹಿಟ್ಟು ರುಬ್ಬುವುದಿಲ್ಲ, ನಾಲ್ಕನೆಯ ದಿನಕ್ಕೆ ಹುಳಿ ತಡೆಯಲಾಗುವುದಿಲ್ಲ. ಚಪಾತಿ ಲಟ್ಟಿಸುವುದಿಲ್ಲ. ಅವರೆಕಾಯಿ ಕಾಲದಲ್ಲಿ ಹಿತಕಿದ ಬೇಳೆಯನ್ನೇ ಕೊಳ್ಳುತ್ತೇನೆ, ದುಡ್ಡು ಹೆಚ್ಚಾದರೂ ಸರಿ. ಒಬ್ಬನೇ ಕೂತು ಹಿತಕುವುದು ಶಿಕ್ಷೆ. ಬಿಸಿಬೇಳೆಬಾತ್ ಆಸೆಯಾದರೆ ಪಕ್ಕದ ರಸ್ತೆಯ ದರ್ಶಿನಿಗೆ ಹೋಗುತ್ತೇನೆ.