ಎರಿ ಮಣ್ಣಿನಾಗ ನೆರಳಿನ ಗಿಡ ಹಚ್ಚೋರಿಗೆ

ಗದಗ, ನವಲಗುಂದ ಕಡೆಯ ಎರಿ (ಕಪ್ಪು ಜಿಗುಟು) ಮಣ್ಣಿನಲ್ಲಿ ಗಿಡ ಸಾಯೋದು ನೀರಿಲ್ಲದ್ದಕ್ಕಷ್ಟೇ ಅಲ್ಲ, ನೀರು ನಿಂತೂ ಸಾಯುತ್ತವೆ. ಎರಿ ಮಣ್ಣಿನಲ್ಲಿ ತಗ್ಗು ತೋಡಿ, ತುಂಬ ಬರೀ ಮಸಾರಿ (ಕೆಂಪು) ಮಣ್ಣು, ಗೊಬ್ಬರ ಹಾಕಿದರೆ ಅದು ನೀರಿನ ತೊಟ್ಟಿಯಂತಾಗುತ್ತದೆ: ಮಳೆನೀರು ಒಳಗಿಳಿಯುತ್ತದೆ, ಹೊರಗೆ ಬಸಿಯುವುದಿಲ್ಲ, ಬೇರು ಕೊಳೆಯುತ್ತದೆ.

ಮೊದಲು ಪರೀಕ್ಷೆ ಮಾಡಿ. ಒಂದೂವರೆ ಅಡಿ ತಗ್ಗಿಗೆ ಎರಡು ಕೊಡ ನೀರು ಹಾಕಿ. ಮರುದಿನವೂ ನೀರು ನಿಂತಿದ್ದರೆ ತಗ್ಗಿನ ಆಸೆ ಬಿಟ್ಟು, ಒಂದಡಿ ಎತ್ತರ, ಐದಾರು ಅಡಿ ಅಗಲದ ದಿಬ್ಬ ಮಾಡಿ ಅದರ ಮೇಲೆ ಹಚ್ಚಿ. ನೀರು ಇಂಗಿದರೆ ತಗ್ಗು ಆಳಕ್ಕಿಂತ ಅಗಲ ಇರಲಿ. ಮೂರಡಿ ಅಗಲ, ಸಸಿಯ ಬೇರಿಗಂಟಿದ ಮಣ್ಣಿನ ಹೆಂಟೆಯಷ್ಟೇ ಆಳ. ಹಸಿಯಿದ್ದಾಗ ಅಗೆದರೆ ಗೋಡೆ ಸವರಿದಂತೆ ನುಣುಪಾಗಿ ಬೇರು ದಾಟುವುದಿಲ್ಲ, ಅದಕ್ಕೇ ಹಾರಿಯಿಂದ ಕೆತ್ತಿ ಒರಟು ಮಾಡಿ. ತೆಗೆದ ಮಣ್ಣನ್ನೇ ವಾಪಸ್ ತುಂಬಿ, ನಾಲ್ಕು ಪಾಲಿಗೆ ಒಂದು ಪಾಲು ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಸಾಕು. ಉಸುಕು ಸ್ವಲ್ಪ ಬೆರೆಸಿದರೆ ಏನೂ ಉಪಯೋಗವಿಲ್ಲ, ಸುಮ್ಮನೆ ದುಡ್ಡು ದಂಡ.

ಹೊಂಗೆ ಈ ಮಣ್ಣಿಗೆ ಹೇಳಿ ಮಾಡಿಸಿದ್ದು. ಬೇವು, ಹುಣಸೆಯೂ ಬರುತ್ತವೆ, ಆದರೆ ನೀರು ನಿಲ್ಲಬಾರದು. ಗುಲ್‌ಮೊಹರ್ ಚೆಂದ, ಬೇರು ಮೇಲ್ಮೇಲೆ. ಗಾಳಿಗೆ ಟೊಂಗೆ ಮುರಿಯುತ್ತವೆ.

ಬೇಸಿಗೆ ಬಿರುಕು ಎಳೆಬೇರನ್ನು ಹರಿಯುತ್ತದೆ. ಜೋಳದ ಕಣಿಕೆ ಚೂರು ಮೂರು ನಾಲ್ಕು ಇಂಚು ಹಾಸಿ, ಬೊಡ್ಡೆಗೆ ತಾಗದಂತೆ. ಬೇರೂರಿದ ಮೇಲೆ ದಿನಾ ಚಿಮುಕಿಸುವುದು ಬಿಟ್ಟು, ಎಂಟ್ಹತ್ತು ದಿನಕ್ಕೊಮ್ಮೆ ಆಳಕ್ಕಿಳಿಯುವಂತೆ ನೀರು ಬಿಡಿ. ದೊಡ್ಡ ಮರ ಮನೆಯಿಂದ 20 ಅಡಿಯಾದರೂ ದೂರ ಇರಲಿ; ಬೇರು ತೇವ ಹೀರಿದಂತೆ ಎರಿ ಕುಗ್ಗಿ ಪಾಯ ಬಿರುಕು ಬಿಡಬಹುದು.